ಅಲ್ಲಿ ಅಡುಗೆ ಯಾರು ಮಾಡುತ್ತಾರೆ?

ಕಳೆದ ವರ್ಷ ನಮ್ಮ ಶಾಲೆಯಲ್ಲಿ ಹಿರಿಯ ಮೇಷ್ಟ್ರೊಬ್ಬರಿಗೆ ಬೀಳ್ಕೊಡುಗೆ ಸಮಾರಂಭ ನಡೆಯಿತು. ಪೇಟ, ಶಾಲು, ಗಂಧದ ಹಾರ, ಫಲತಾಂಬೂಲ ಎಲ್ಲ ಆದ ಮೇಲೆ ಅವರು ಮಾತಾಡಲು ನಿಂತರು. ಮೂವತ್ತಮೂರು ವರ್ಷ ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಕೂತದ್ದು ಸಾಕಾಗಿದೆ. ಹಾರೋಹಳ್ಳಿಯ ಆಚೆ ಎರಡು ಎಕರೆ ತೆಗೆದುಕೊಂಡಿದ್ದೇನೆ, ಹೆಂಚಿನ ಮನೆ ಕಟ್ಟಿಸಿದ್ದೇನೆ. ಇನ್ನು ಮೇಲೆ ಅಲ್ಲಿ ನಿಧಾನವಾಗಿ ಬದುಕುತ್ತಾ, ನಿಧಾನವಾಗಿ ಬರೆಯುತ್ತಾ ಇರುತ್ತೇನೆ ಎಂದರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಸುಳ್ಳೇಕೆ ಹೇಳಲಿ, ಹೊಟ್ಟೆಯಲ್ಲಿ ಸಣ್ಣ ಕಿಚ್ಚೂ ಆಯಿತು.

ಸಭೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಕಾಫಿ ಲೋಟಗಳನ್ನು ಎತ್ತಿಡುತ್ತಿದ್ದ ನಮ್ಮ ಶಾಲೆಯ ಆಯಾ ಮೆಲ್ಲಗೆ ಕೇಳಿದಳು: "ಅಲ್ಲಿ ಅಡುಗೆ ಯಾರು ಮಾಡ್ತಾರಂತೆ ಮಿಸ್?"

ನನಗೆ ನಗು ಬಂತು. ಮನೆಗೆ ಬಂದು ಬಟ್ಟೆ ಬದಲಾಯಿಸುವಾಗ ನಗು ನಿಂತಿತ್ತು. ಮೇಷ್ಟ್ರ ಹೆಂಡತಿಗೆ ಮಂಡಿನೋವು, ಅವರು ಬನಶಂಕರಿಯ ಮನೆ ಬಿಟ್ಟು ಅಲುಗುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಮೇಷ್ಟ್ರಿಗೆ ಸಾರು ಮಾಡಲು ಬರುವುದಿಲ್ಲವೆಂಬುದೂ ಗೊತ್ತಿತ್ತು. ಹಾಗಿದ್ದರೆ ಆ ಹೆಂಚಿನ ಮನೆಯಲ್ಲಿ ಅಡುಗೆ ಯಾರು ಮಾಡುತ್ತಾರೆ? ನೀರು ಯಾರು ತರುತ್ತಾರೆ? ಜಗಲಿಯ ಮೇಲೆ ಕೂತು ಬರೆಯುವವರ ಕಾಫಿ ಲೋಟ ಯಾರು ತೊಳೆಯುತ್ತಾರೆ? ಬಿ.ಎ., ಬಿ.ಎಡ್. ಮಾಡಿ ಇಪ್ಪತ್ತೆಂಟು ವರ್ಷ ಮಕ್ಕಳಿಗೆ 'ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ' ಎಂದು ಹೇಳಿಕೊಂಡು ಬಂದ ನನಗೆ ಆ ಪ್ರಶ್ನೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಈಗ ನಮ್ಮ ದಕ್ಷಿಣ ಬೆಂಗಳೂರಿನಲ್ಲಿ ಎಲ್ಲಿ ಹೋದರೂ ಇದೇ ಮಾತು. ಜಯನಗರದ ಪಾರ್ಕುಗಳಲ್ಲಿ ಬೆಳಗ್ಗೆ ನಡೆಯುವವರ ನಡುವೆ, ಗಾಂಧಿಬಜಾರಿನ ಹೂವಿನ ಅಂಗಡಿಗಳ ಮುಂದೆ, ಜೆ.ಪಿ. ನಗರದ ಸತ್ಯನಾರಾಯಣ ಪೂಜೆಗಳಲ್ಲಿ, 'ಈ ಊರು ಸಾಕಪ್ಪ, ಒಂದು ತುಂಡು ಜಮೀನು ತಗೊಂಡು ಹಳ್ಳಿಗೆ ಹೋಗಿಬಿಡೋಣ' ಎನ್ನುವವರೇ. ಒಬ್ಬರು ಚಿತ್ರ ಬರೆಯಬೇಕಂತೆ, ಒಬ್ಬರು ವೀಣೆ ಸಾಧನೆ ಮಾಡಬೇಕಂತೆ, ಮತ್ತೊಬ್ಬರು ಆತ್ಮಕಥೆ ಬರೆಯಬೇಕಂತೆ. ಇವರನ್ನು ನಾನು ನನ್ನ ಮಟ್ಟಿಗೆ ನಿಧಾನವಾದಿಗಳು ಎಂದು ಕರೆದುಕೊಂಡಿದ್ದೇನೆ. ಅವರ ಆಸೆ ತಪ್ಪೆಂದು ನಾನು ಹೇಳುವುದಿಲ್ಲ. ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡವರು ಯಾರೂ ಆ ಆಸೆಯನ್ನು ತಪ್ಪೆನ್ನಲಾರರು. ಆದರೆ ಅವರು ಆಡುವ ಮಾತಿನ ಜೊತೆ ನನಗೆ ದೊಡ್ಡ ಜಗಳವಿದೆ. ಹಳ್ಳಿಯಲ್ಲಿ ನಿಧಾನ ಎಂಬುದು ಬೆಟ್ಟದ ಮೇಲಿನ ಗಾಳಿಯ ಹಾಗೆ ಸುಮ್ಮನೆ ಬೀಸುತ್ತಿರುತ್ತದೆ, ನಾವು ಹೋಗಿ ಮೂಗು ಒಡ್ಡಿದರೆ ಸಾಕು ಎಂದು ಅವರು ನಂಬಿದ್ದಾರೆ. ನನಗೆ ಕಂಡದ್ದು ಬೇರೆ. ಒಬ್ಬರು ನಿಧಾನವಾಗಿರಬೇಕಾದರೆ ಇನ್ನೊಬ್ಬರು ಓಡುತ್ತಿರಬೇಕು. ಓಡುವವರ ಹೆಸರು ಮಾತ್ರ ಯಾರ ಆತ್ಮಕಥೆಯಲ್ಲೂ ಬರುವುದಿಲ್ಲ.

ಮೇಷ್ಟ್ರು ನಮ್ಮನ್ನೆಲ್ಲ ಒಂದು ಭಾನುವಾರ ತೋಟಕ್ಕೆ ಕರೆದರು. ಚೆನ್ನಾದ ಜಾಗ. ಹಿಂದೆ ಕಲ್ಲುಗುಡ್ಡ, ಮುಂದೆ ಮಾವಿನ ಸಸಿ, ದೂರದಲ್ಲಿ ಹಿಪ್ಪುನೇರಳೆ ಹೊಲ. ಜಗಲಿಯ ಮೇಲೆ ಚಾಪೆ ಹಾಸಿ ಕೂತೆವು. ಮೇಷ್ಟ್ರು ತಾವು ಬರೆದ ಪದ್ಯಗಳನ್ನು ಓದಿದರು. "ಇಲ್ಲಿ ಕಾಲ ನಿಂತುಬಿಡುತ್ತೆ ನೋಡಿ" ಎಂದರು. ಅದೇ ಹೊತ್ತಿಗೆ ಒಳಗಿನಿಂದ ತೋಟ ನೋಡಿಕೊಳ್ಳುವವನ ಹೆಂಡತಿ ಬಂದು, ಊಟ ಒಂದು ಗಂಟೆಗೋ ಒಂದೂವರೆಗೋ ಎಂದು ಕೇಳಿದಳು. ಕಾಲ ಅವಳ ಪಾಲಿಗೆ ನಿಂತಿರಲಿಲ್ಲ.

ಕೈ ತೊಳೆಯಲು ಹಿತ್ತಿಲಿಗೆ ಹೋದವಳು ಅವಳ ಜೊತೆ ಕಾಲು ಗಂಟೆ ನಿಂತೆ. ಹದಿನಾಲ್ಕು ಜನಕ್ಕೆ ಮುದ್ದೆ, ಅವರೆಕಾಳಿನ ಸಾರು, ಅನ್ನ, ಪಾಯಸ ಅವಳೊಬ್ಬಳೇ ಮಾಡಿದ್ದಳು. ಮನೆಯಲ್ಲಿ ರೇಷ್ಮೆಹುಳ ಇಟ್ಟಿದ್ದಳು. ಹುಳ ಸಾಕಿದವರಿಗೆ ಅದರ ಅರ್ಥ ಗೊತ್ತು. ಮೊಟ್ಟೆಯೊಡೆದು ಬಂದ ಹುಳ ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಅಷ್ಟರಲ್ಲಿ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಆ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳಕ್ಕೆ ಹಗಲಿಲ್ಲ, ರಾತ್ರಿಯಿಲ್ಲ. ಹಾಕಿದ ಸೊಪ್ಪೆಲ್ಲ ಮಳೆ ಸುರಿದಂತೆ ಸದ್ದು ಮಾಡುತ್ತಾ ತಿನ್ನುತ್ತದೆ. ಬಿಸಿಲೇರುವ ಮೊದಲೇ ಸೊಪ್ಪು ಕೊಯ್ದು ತರಬೇಕು, ಬಾಡಿದರೆ ಹುಳ ಕೆಡುತ್ತದೆ. ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡಲು ತಡವಾದರೆ ತಿಂಗಳ ದುಡಿಮೆ ನೀರಿಗೆ ಬಿತ್ತು. ಅವಳ ಹುಳ ಆಗ ನಾಲ್ಕನೇ ಜ್ವರದಿಂದ ಎದ್ದು ಎರಡು ದಿನವಾಗಿತ್ತಂತೆ. ನಾಲ್ಕು ಗಂಟೆಗೆ ಎದ್ದು, ಸೊಪ್ಪು ಹಾಕಿ, ಹಸು ಕರೆದು, ಇಲ್ಲಿಗೆ ಬಂದು ಒಲೆ ಹಚ್ಚಿದ್ದಳು. ಮತ್ತೆ ಸೊಪ್ಪು ಹಾಕುವ ಹೊತ್ತಾಗಿತ್ತು. ನಾವು ಉಂಡು ಏಳುವುದನ್ನೇ ಕಾಯುತ್ತಿದ್ದಳು. ಒಳಗೆ ನಾವು ಪದ್ಯದ ಮೇಲೆ ಚರ್ಚೆ ಮಾಡುತ್ತಿದ್ದೆವು!

ಹಳ್ಳಿಯ ಬದುಕು ನಿಧಾನವೆಂದು ಯಾರು ಹೇಳಿದರು? ಮಳೆ ಬಿದ್ದ ಮೂರು ದಿನದೊಳಗೆ ಬಿತ್ತಬೇಕು. ರಾಗಿ ತೆನೆ ಬಲಿತು ಮೋಡ ಕಟ್ಟಿದರೆ ರಾತ್ರಿಯೇ ಕೊಯ್ಯಬೇಕು. ಕರೆಂಟು ನಡುರಾತ್ರಿ ಬಂದರೆ ಆಗಲೇ ಎದ್ದು ಮೋಟಾರು ಹಾಕಬೇಕು. ನಮ್ಮ ಕಣ್ಣಿಗೆ ನಿಧಾನವಾಗಿ ಕಾಣುವುದು ಹಳ್ಳಿಯಲ್ಲ, ಅಲ್ಲಿ ಕೆಲಸವಿಲ್ಲದೆ ಕೂತಿರುವ ನಾವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಎಂಟನೇ ತರಗತಿಯ ಮಕ್ಕಳಿಗೆ ವರ್ಷ ವರ್ಷ ವಿಸ್ತರಿಸಿ ಬರೆಸುತ್ತೇನೆ. ದೊಡ್ಡವರಿಗೂ ಒಮ್ಮೆ ಬರೆಸಬೇಕೆನಿಸುತ್ತದೆ.

ಇಷ್ಟು ಹೇಳಿದರೆ ನಿಧಾನವಾದಿಗಳು ದೊಡ್ಡ ಹೆಸರುಗಳನ್ನು ಮುಂದಿಡುತ್ತಾರೆ. ಕುವೆಂಪು ಇರಲಿಲ್ಲವೇ, ಕಾರಂತರಿರಲಿಲ್ಲವೇ, ತೇಜಸ್ವಿ ಇರಲಿಲ್ಲವೇ ಎನ್ನುತ್ತಾರೆ. ನಾನು ಕನ್ನಡ ಪಾಠ ಹೇಳುವವಳು, ಆ ಹೆಸರುಗಳ ಮುಂದೆ ತಲೆಬಾಗುವವಳು. ಆದ್ದರಿಂದಲೇ ಒಂದೊಂದಾಗಿ ನೋಡೋಣ.

ಕುವೆಂಪು ಕುಪ್ಪಳಿಯವರು ನಿಜ. ಆದರೆ ಮಲೆನಾಡಿನ ಆ ಎರಡು ಮಹಾ ಕಾದಂಬರಿಗಳು ಬಂದದ್ದು ಎಲ್ಲಿಂದ? 1936ರಲ್ಲಿ 'ಕಾನೂರು ಹೆಗ್ಗಡಿತಿ' ಪ್ರಕಟವಾದಾಗ ಅವರು ಮೈಸೂರಿನಲ್ಲಿ ಅಧ್ಯಾಪಕರು. 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಬಂದಾಗ ಕುಲಪತಿ ಹುದ್ದೆಯಿಂದ ನಿವೃತ್ತರಾಗಿ ಅದೇ ಮೈಸೂರಿನ ಉದಯರವಿಯಲ್ಲಿದ್ದರು. ಮಲೆನಾಡನ್ನು ಅವರು ನೆನಪಿನಲ್ಲಿ ಕಟ್ಟಿಕೊಂಡು ಊರಿನ ಮಧ್ಯೆ ಕೂತು ಬರೆದರು. ಹಳ್ಳಿಗೆ ಹೋಗದೆ ಹಳ್ಳಿಯನ್ನು ಬರೆಯಲಾಗದು ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೆ?

ಕಾರಂತರು ಪುತ್ತೂರಿನ ಬಾಲವನದಲ್ಲಿದ್ದದ್ದು ನಿಜ. ಆದರೆ ಅವರನ್ನು ನಿಧಾನದ ಪಟ್ಟಿಗೆ ಸೇರಿಸುವುದು ತಮಾಷೆ! ನಲವತ್ತಕ್ಕೂ ಹೆಚ್ಚು ಕಾದಂಬರಿ, ಮಕ್ಕಳಿಗೆ ವಿಶ್ವಕೋಶ, ಯಕ್ಷಗಾನದ ಸಂಶೋಧನೆ ಮತ್ತು ಪ್ರಯೋಗ, ನಾಟಕ, ಪ್ರವಾಸ, ಅಚ್ಚುಕೂಟ. ಇವೆಲ್ಲ ಸಾಲದು ಎಂಬಂತೆ ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಲೋಕಸಭೆಯ ಚುನಾವಣೆಗೆ ನಿಂತರು. ಅವರ ಮುಂದೆ ನಿಧಾನ ಎಂಬ ಪದವನ್ನು ಎತ್ತಿದ್ದರೆ ಏನಾಗುತ್ತಿತ್ತೋ, ಊಹಿಸಿಕೊಂಡರೆ ನನಗೇ ಅಂಜಿಕೆಯಾಗುತ್ತದೆ.

ಇನ್ನು ತೇಜಸ್ವಿ. ಮೂಡಿಗೆರೆಯ ನಿರುತ್ತರ ಎಂಬ ಮನೆಯ ಚಿತ್ರವನ್ನು ನೋಡಿ ಕೆಲಸ ಬಿಟ್ಟ ಹುಡುಗರನ್ನು ನಾನು ಬಲ್ಲೆ. ಕಾಫಿ ಬೆಳೆದು, ಅದರ ಲೆಕ್ಕ ನೋಡಿ, ಆಳುಕಾಳು ಕೂಲಿ ಸಾಲ ಎಲ್ಲವನ್ನೂ ತೂಗಿಸಿ ಬರೆದ ಮನುಷ್ಯ ಅವರು. ಬೇಸಾಯ ಅವರಿಗೆ ಭಾನುವಾರದ ಹವ್ಯಾಸವಾಗಿರಲಿಲ್ಲ. 2007ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಪತ್ನಿ ರಾಜೇಶ್ವರಿಯವರು 'ನನ್ನ ತೇಜಸ್ವಿ' ಎಂಬ ಪುಸ್ತಕ ಬರೆದರು. ಆ ಕಾಡಿನ ಮನೆಯ ಸಂಸಾರ ಅಲ್ಲಿಯವರೆಗೆ ನಮಗೆ ಒಬ್ಬರ ಬರಹದಿಂದಲೇ ಗೊತ್ತಿತ್ತು. ಆಮೇಲೆ ಇನ್ನೊಬ್ಬರ ಕಣ್ಣಿನಿಂದಲೂ ಕಾಣಿಸಿತು. ಆಕೆ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿದವರು. ಇಷ್ಟು ಚೆನ್ನಾಗಿ ಬರೆಯಬಲ್ಲವರು ಅಲ್ಲಿಯವರೆಗೆ ಏಕೆ ಪುಸ್ತಕ ಬರೆದಿರಲಿಲ್ಲ ಎಂದು ಓದುವಾಗ ನನಗೆ ಅನ್ನಿಸಿತು. ಯಾರನ್ನೂ ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ಕಾಡಿನ ಮನೆಯ ಚಿತ್ರ ನೋಡಿ ಕೆಲಸ ಬಿಡುವ ಹುಡುಗರು ಆ ಪುಸ್ತಕವನ್ನೂ ಓದಲಿ ಎಂದಷ್ಟೇ ಹೇಳುತ್ತಿದ್ದೇನೆ.

ಹೆಂಗಸರ ಕಡೆಗೆ ಬಂದರಂತೂ ಈ ವಾದ ನಿಲ್ಲುವುದೇ ಇಲ್ಲ. ಹಳ್ಳಿಯಲ್ಲಿದ್ದರೆ ಬರವಣಿಗೆ ತಾನಾಗಿ ಹರಿಯುತ್ತದೆ ಎನ್ನುವುದಾದರೆ ಕನ್ನಡದ ಹೆಂಗಸರು ಶತಮಾನಗಳಿಂದ ರಾಶಿರಾಶಿ ಪುಸ್ತಕ ಬರೆದಿರಬೇಕಿತ್ತು. ಅವರಿದ್ದದ್ದೇ ಹಳ್ಳಿಯಲ್ಲಿ! ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ತೀರ್ಥಹಳ್ಳಿಯಲ್ಲಿ. ತುಂಗೆಯಿತ್ತು, ಕಾಡಿತ್ತು, ಮಳೆಯಿತ್ತು, ಕಥೆ ಹೇಳುವ ಅಜ್ಜಿಯರಿದ್ದರು. ಆದರೆ ಹನ್ನೆರಡನೆಯ ವಯಸ್ಸಿಗೇ ಮದುವೆಯಾಯಿತು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅಂದರೆ ನಲವತ್ತೈದು ದಾಟಿದ ಮೇಲೆ. ಕಾಸರಗೋಡಿನ ಸಾರಾ ಅಬೂಬಕ್ಕರ್ ಹುಟ್ಟಿದ್ದು 1936ರಲ್ಲಿ, ಚಂದ್ರಗಿರಿ ಹೊಳೆಯ ಸೀಮೆಯಲ್ಲಿ. 'ಚಂದ್ರಗಿರಿಯ ತೀರದಲ್ಲಿ' ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1981ರಲ್ಲಿ. ಅವರಿಗೂ ಆಗ ನಲವತ್ತೈದು. ಇಬ್ಬರಿಗೂ ಹೊಳೆ ಹುಟ್ಟಿದಂದಿನಿಂದ ಇತ್ತು. ಸಿಗಲು ನಲವತ್ತೈದು ವರ್ಷ ಹಿಡಿದದ್ದು ತಮ್ಮದೆನ್ನುವ ಒಂದು ಹೊತ್ತು. ಮಕ್ಕಳು ದೊಡ್ಡವರಾಗಬೇಕು, ಮನೆಯವರ ಊಟ ತಿಂಡಿಗಳ ನಡುವೆ ಒಂದು ಸಂದು ಬೀಳಬೇಕು, ಆಗ ಪೆನ್ನು ಕೈಗೆ ಬರುತ್ತದೆ. ಕೊಡಗಿನ ಗೌರಮ್ಮನಿಗೆ ಕಾಫಿ ತೋಟದ ನಡುವಿನ ಮನೆಯಲ್ಲಿ ಆ ಹೊತ್ತು ಬೇಗ ಸಿಕ್ಕಿತು. ಆಕೆ ಚಿಕ್ಕವಯಸ್ಸಿನಲ್ಲೇ ಒಳ್ಳೆಯ ಕಥೆಗಳನ್ನು ಬರೆದಳು. 1939ರಲ್ಲಿ ಇಪ್ಪತ್ತೇಳು ತುಂಬುವಷ್ಟರಲ್ಲಿ ನೀರಿನ ಪಾಲಾದಳು. ಅಂಥವರು ಬೆರಳೆಣಿಕೆಯಷ್ಟು ಮಂದಿ.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಬರೆಯುವವರಿಗೆ, ಹಾಡುವವರಿಗೆ, ನೇಯುವವರಿಗೆ ಬೇಕಾದದ್ದು ಹೊತ್ತು. ಆ ಹೊತ್ತನ್ನು ಯಾರೋ ಒಬ್ಬರು ತಮ್ಮ ಹೊತ್ತಿನಿಂದ ಕತ್ತರಿಸಿ ಕೊಡಬೇಕು. ಹಳ್ಳಿಯಲ್ಲಿ ಸಿಗುವ ಹೊತ್ತೂ ಹಾಗೆಯೇ ಬರುತ್ತದೆ, ಜಯನಗರದಲ್ಲಿ ಸಿಗುವ ಹೊತ್ತೂ ಹಾಗೆಯೇ. ಹಳ್ಳಿಯಲ್ಲಿ ಅದು ಅಗ್ಗ, ಅಷ್ಟೇ ವ್ಯತ್ಯಾಸ. ಅಲ್ಲಿ ಅಡುಗೆಯವಳಿಗೆ ಇಲ್ಲಿಯ ಅರ್ಧ ಕೊಟ್ಟರೆ ಆಗುತ್ತದೆ. 'ಅಲ್ಲಿ ಜೀವನ ಸುಲಭ' ಎಂದು ನಾವು ಹೇಳುವಾಗ ಇದನ್ನೇ ಮರ್ಯಾದೆಯ ಭಾಷೆಯಲ್ಲಿ ಹೇಳುತ್ತಿರುತ್ತೇವೆ.

ಇಷ್ಟು ಬರೆದ ಮೇಲೆ ನನ್ನ ಮನೆಯ ಬಾಗಿಲನ್ನೂ ತೆರೆದು ತೋರಿಸದಿದ್ದರೆ ಅದು ನ್ಯಾಯವಲ್ಲ. ನಾನೂ ಅಷ್ಟಿಷ್ಟು ಬರೆಯುವವಳು. ಶಾಲೆಯಿದ್ದ ದಿನ ಬೆಳಗ್ಗೆ ನಾಲ್ಕೂ ಮುಕ್ಕಾಲರಿಂದ ಐದೂವರೆಯವರೆಗೆ ನನ್ನ ಸಮಯ. ಭಾನುವಾರ ಮಾತ್ರ ಎಂಟರಿಂದ ಹತ್ತು. ಆ ಎರಡು ಗಂಟೆ ನನಗೆ ಸಿಗುತ್ತಿದ್ದದ್ದು ಹೇಗೆ ಗೊತ್ತೆ? ಜರಗನಹಳ್ಳಿಯಿಂದ ಬರುವ ಮನೆಕೆಲಸದವಳು ಭಾನುವಾರವೂ ಬಂದು ಪಾತ್ರೆ ತೊಳೆದು, ತರಕಾರಿ ಹೆಚ್ಚಿ, ಇಡ್ಲಿ ಬೇಯಿಸಿಟ್ಟು ಹೋಗುತ್ತಿದ್ದಳು. ಅವಳ ಮಗ ಏಳನೇ ಕ್ಲಾಸು. ಒಂದು ಭಾನುವಾರ ಅವನೂ ಜೊತೆಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದ. "ರಜಾ ದಿನ ಅಮ್ಮ ಮನೇಲಿರಲಿ ಅಂತಾನೆ ಅಕ್ಕ" ಎಂದು ಅವಳು ನಗುತ್ತಾ ಹೇಳಿದಳು. ನಾನು ಅವನಿಗೆ ಒಂದು ಬಿಸ್ಕತ್ತಿನ ಪೊಟ್ಟಣ ಕೊಟ್ಟು ಮತ್ತೆ ಬರೆಯಲು ಕೂತೆ. ಆ ದಿನ ನಾನು ಬರೆಯುತ್ತಿದ್ದದ್ದು ತಾಯಂದಿರ ಬಗ್ಗೆ! ಆಯಾ ಆ ಪ್ರಶ್ನೆ ಕೇಳುವವರೆಗೆ ನನಗೆ ಇದರಲ್ಲೇನೂ ವಿಚಿತ್ರ ಕಾಣಿಸಿರಲಿಲ್ಲ. ಅಟ್ಟಿಕ್ಕಿದವಳಿಗಿಂತ ಬೊಟ್ಟಿಕ್ಕಿದವಳು ಮೇಲು ಎನ್ನುತ್ತಾರಲ್ಲ, ನಾನು ಬೊಟ್ಟಿಕ್ಕಿದವಳಾಗಿದ್ದೆ.

ಹಾಗಾದರೆ ಹಳ್ಳಿಯಲ್ಲಿ ಕೂತು ಒಳ್ಳೆಯ ಕೆಲಸ ಮಾಡಿದವರೇ ಇಲ್ಲವೇ ಎಂದು ಕೇಳಬಹುದು. ಇದ್ದಾರೆ, ಮತ್ತು ಅವರ ಕಥೆ ನಿಧಾನವಾದಿಗಳ ಕಥೆಗಿಂತ ಬೇರೆಯೇ. ಸಾಗರದ ಹತ್ತಿರದ ಹೆಗ್ಗೋಡನ್ನು ನೋಡಿ. ಅಡಿಕೆ ತೋಟದ ಊರು. 1949ರಲ್ಲಿ ಅಲ್ಲಿ ನೀನಾಸಮ್ ಶುರುವಾಯಿತು. ಕೆ.ವಿ. ಸುಬ್ಬಣ್ಣನವರು ಅಲ್ಲಿಯೇ ಬೆಳೆದು, ಅಲ್ಲಿಯೇ ಇದ್ದು, ನಾಟಕ, ಸಿನಿಮಾ, ಪುಸ್ತಕ ಪ್ರಕಾಶನ ಎಲ್ಲವನ್ನೂ ಊರಿನವರ ಜೊತೆ ಮಾಡಿದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು, 1985ರಲ್ಲಿ ತಿರುಗಾಟ ಶುರುವಾಯಿತು. 1991ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ದೇಶಕ್ಕೆಲ್ಲ ಆ ಊರಿನ ಹೆಸರು ಗೊತ್ತಾಯಿತು. ಸುಬ್ಬಣ್ಣ ಅಲ್ಲಿ ಶಾಂತಿ ಹುಡುಕಿಕೊಂಡು ಹೋದವರಲ್ಲ. ಊರಿಗೆ ಏನು ಬೇಕೋ ಅದರಲ್ಲಿ ಕೈ ಹಾಕಿದವರು. ಒಂದು ನಾಟಕ ಕಟ್ಟಿ ವರ್ಷವಿಡೀ ಊರೂರು ಸುತ್ತುವುದರಲ್ಲಿ ನಿಧಾನ ಎಲ್ಲಿಂದ ಬರಬೇಕು?

ಅದೇ ಹೆಗ್ಗೋಡಿನ ಪಕ್ಕದಲ್ಲಿ ಭೀಮನಕೋಣೆ ಎಂಬ ಹಳ್ಳಿ. ರಂಗಕರ್ಮಿ ಪ್ರಸನ್ನ 1990ರ ದಶಕದಲ್ಲಿ ಅಲ್ಲಿ ಚರಕ ಎಂಬ ಮಹಿಳೆಯರ ಸಹಕಾರ ಸಂಘಕ್ಕೆ ಕಾರಣರಾದರು. ಸುತ್ತಲ ಹಳ್ಳಿಗಳ ಹೆಂಗಸರು ಅಲ್ಲಿ ಕೈಮಗ್ಗದಲ್ಲಿ ನೇಯುತ್ತಾರೆ, ಅಡಿಕೆಯ ಚೊಗರಿನಂಥ ಸಹಜ ಬಣ್ಣ ಕಟ್ಟುತ್ತಾರೆ, ಹೊಲಿಯುತ್ತಾರೆ. ಅಡಿಕೆ ಬೇಯಿಸಿದ ಮೇಲೆ ಉಳಿಯುವ ಕಂದು ನೀರು ಅಲ್ಲಿ ಬಟ್ಟೆಯ ಬಣ್ಣವಾಗುತ್ತದೆ. ಹಳ್ಳಿಯಲ್ಲಿ, ಕೈಯಿಂದ, ಯಂತ್ರದ ಧಾವಂತವಿಲ್ಲದೆ ನಡೆಯುವ ಸೃಜನಶೀಲ ಕೆಲಸ ಎಂದರೆ ಇದೇ. ಇಲ್ಲಿ ಕೆಲಸ ಮಾಡುವವಳೇ ಸಂಘದ ಸದಸ್ಯೆ, ಅವಳ ಹೊತ್ತಿಗೆ ಕೂಲಿಯುಂಟು, ಅವಳ ಕಸುಬಿಗೆ ಹೆಸರುಂಟು.

ಇಂಥ ನಿಧಾನದ ಗತಿ ಏನಾಯಿತು ಅದನ್ನೂ ಕೇಳಿ. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದಾಗ ಕೈಉತ್ಪನ್ನಗಳ ಮೇಲೂ ತೆರಿಗೆ ಬಿತ್ತು. ಕೈಯಿಂದ ಮಾಡಿದ ವಸ್ತುವಿಗೆ ತೆರಿಗೆ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕೂತರು. 2020ರಲ್ಲಿ ಮಾರಾಟ ನಿಂತು, ಬರಬೇಕಾದ ದುಡ್ಡು ಬಾರದೆ, ತನ್ನ ಕೈ ಬರಿದಾಗಿದೆಯೆಂದು ಚರಕ ಬಹಿರಂಗವಾಗಿ ಹೇಳಿಕೊಳ್ಳುವ ಸ್ಥಿತಿ ಬಂತು. ಆಗ ನಮ್ಮ ನಿಧಾನವಾದಿಗಳು ಎಲ್ಲಿದ್ದರು? ಬೆಂಗಳೂರಿನಲ್ಲಿ ಅವರ ಬಟ್ಟೆ ಮಾರುವ ದೇಸಿ ಅಂಗಡಿಯಿದೆ. ಅಲ್ಲಿ ಒಂದು ಜುಬ್ಬಾ ಹಿಡಿದು "ಹತ್ತಿ ಬಟ್ಟೆಗೆ ಇಷ್ಟು ಬೆಲೆಯಾ?" ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ಅವರೇ ಹೊರಗೆ ಬಂದು, ಹಳ್ಳಿಯ ಬದುಕೇ ಬದುಕು ಎನ್ನುತ್ತಾರೆ. ನಿಧಾನವಾಗಿ ಮಾಡಿದ ವಸ್ತುವಿಗೆ ಬೆಲೆ ಹೆಚ್ಚು, ಏಕೆಂದರೆ ಅದರಲ್ಲಿ ಒಬ್ಬಳ ಇಡೀ ದಿನವಿದೆ. ಆ ದಿನಕ್ಕೆ ದುಡ್ಡು ಕೊಡಲು ಒಪ್ಪದವರಿಗೆ ನಿಧಾನದ ಬಗ್ಗೆ ಮಾತಾಡುವ ಹಕ್ಕಿಲ್ಲ. ಇದು ನನ್ನ ಖಚಿತ ಅಭಿಪ್ರಾಯ.

ಹೆಗ್ಗೋಡಿನಿಂದ ಮತ್ತೆ ನಮ್ಮ ಕನಕಪುರ ರಸ್ತೆಗೆ ಬರೋಣ. ನಾವು ಈಗ ಬಿಟ್ಟು ಓಡಬೇಕೆನ್ನುವ ಈ ಊರೂ ಒಂದು ಕಾಲಕ್ಕೆ ಹಳ್ಳಿಯೇ. 1948ರಲ್ಲಿ ರಾಜಾಜಿಯವರ ಕೈಯಿಂದ ಅಶೋಕ ಸ್ತಂಭ ನಿಲ್ಲಿಸಿ ಜಯನಗರ ಶುರು ಮಾಡಿದಾಗ ಸುತ್ತ ಸಿದ್ದಾಪುರ, ಬೈರಸಂದ್ರ, ಯಡಿಯೂರುಗಳ ಹೊಲ ಕೆರೆಗಳಿದ್ದವು. ಬಿ.ಟಿ.ಎಂ. ಎಂದರೆ ಬೈರಸಂದ್ರ, ತಾವರೆಕೆರೆ, ಮಡಿವಾಳ. ಮೂರು ಹಳ್ಳಿಗಳನ್ನು ಮೂರಕ್ಷರ ಮಾಡಿಬಿಟ್ಟೆವು. ಜಯನಗರದ ಒಂಬತ್ತನೇ ಬ್ಲಾಕಿನ ರಾಗಿಗುಡ್ಡದ ಕಥೆ ನಿಮಗೆ ಗೊತ್ತಿರಬಹುದು. ಸುಗ್ಗಿಯ ರಾಗಿ ರಾಶಿಯಿಂದ ಸೊಸೆ ಸುಧರ್ಮ ಬೇಡಿ ಬಂದವರಿಗೆ ಕೊಡಹೋದಳಂತೆ, ಅತ್ತೆ ತಡೆದಳಂತೆ, ಸೊಸೆ ನೊಂದು ಪ್ರಾರ್ಥಿಸಲು ರಾಶಿಯೆಲ್ಲ ಕಲ್ಲಾಯಿತಂತೆ. ಸುಗ್ಗಿ ಮಾಡಿದ ಮನೆಯ ಹೆಣ್ಣಿಗೆ ಒಂದು ಮೊರ ರಾಗಿ ಕೊಡುವ ಅಧಿಕಾರವಿರಲಿಲ್ಲ. ಮಕ್ಕಳಿಗೆ ಈ ಕಥೆ ಹೇಳುವಾಗಲೆಲ್ಲ ನಾನು ಅಲ್ಲೇ ನಿಲ್ಲುತ್ತೇನೆ.

ಈಗ ಅದೇ ಆಟ ಇನ್ನೂ ದಕ್ಷಿಣಕ್ಕೆ ಸರಿದಿದೆ. 2017ರಲ್ಲಿ ಮೆಟ್ರೋ ಯಲಚೇನಹಳ್ಳಿಗೆ ಹೋಯಿತು, 2021ರಲ್ಲಿ ಸಿಲ್ಕ್ ಇನ್‌ಸ್ಟಿಟ್ಯೂಟಿಗೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ಕಲಮುಗಳನ್ನು ಕೈಬಿಟ್ಟರು. ಬೇಸಾಯ ಮಾಡದವರೂ, ಎಷ್ಟೇ ಸಂಬಳದವರೂ ಕೃಷಿ ಜಮೀನು ಕೊಳ್ಳುವುದಕ್ಕಿದ್ದ ಅಡ್ಡಿ ಹೋಯಿತು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರನ್ನೇ ಇಟ್ಟುಬಿಟ್ಟರು. ಹಾರೋಹಳ್ಳಿಗೆ ಹೋದರೂ ನಾವು ದಕ್ಷಿಣ ಬೆಂಗಳೂರನ್ನು ಬಿಟ್ಟು ಹೋದಂತಾಗುವುದಿಲ್ಲ! ನಮ್ಮ ಶಾಲೆಯ ಆಯಾ ಆ ಕಡೆಯವಳೇ. ಅವಳ ಗಂಡನ ಮನೆಯವರು ಇದ್ದ ಒಂದೂಕಾಲು ಎಕರೆಯನ್ನು ಮಾರಿದರು. ಬಂದ ದುಡ್ಡು ಸಾಲಕ್ಕೆ, ಒಂದು ಮದುವೆಗೆ, ಒಂದು ಆಪರೇಷನ್ನಿಗೆ ಮುಗಿಯಿತು. ಈಗ ಸಾರಕ್ಕಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆ. ಗಂಡ ಅಪಾರ್ಟ್‌ಮೆಂಟಿನ ಕಾವಲುಗಾರ. ಅವಳು ಕೇಳಿದ ಪ್ರಶ್ನೆ ಎಲ್ಲಿಂದ ಬಂತೆಂದು ಈಗ ನಿಮಗೆ ಅರ್ಥವಾಗಿರಬೇಕು. ನಾವು ನಿಧಾನ ಹುಡುಕಿಕೊಂಡು ಅವಳ ಊರಿಗೆ ಹೋದೆವು. ಅವಳು ಏಳು ಗಂಟೆಯ ಬಸ್ಸು ಹಿಡಿಯಲು ನಮ್ಮ ಊರಿಗೆ ಬಂದಳು.

'ಹಾಗಾದರೆ ಯಾರೂ ಹಳ್ಳಿಗೆ ಹೋಗಬಾರದೆ?' ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಖಂಡಿತ ಹೋಗಿ. ಆದರೆ ಹೋಗುವ ಮೊದಲು ಸಾರು ಮಾಡಲು ಕಲಿಯಿರಿ ಎಂದೆ. ಅವರು ನಕ್ಕರು, ನಾನು ತಮಾಷೆಗೆ ಹೇಳಿರಲಿಲ್ಲ. ಎರಡನೆಯದು, ನಿಮಗಾಗಿ ದುಡಿಯುವವರಿಗೆ ಬೆಂಗಳೂರಿನ ಸಂಬಳ ಕೊಡಿ, ವಾರಕ್ಕೊಂದು ರಜೆ ಕೊಡಿ. ಅವರ ಸಂಜೆ ಎಷ್ಟು ಗಂಟೆಗೆ ಶುರುವಾಗುತ್ತದೆಂದು ತಿಳಿದುಕೊಳ್ಳಿ. ಮೂರನೆಯದು, ಆ ಊರಿನ ಸರ್ಕಾರಿ ಶಾಲೆಗೆ ವಾರಕ್ಕೆ ಎರಡು ದಿನ ಹೋಗಿ ಪಾಠ ಹೇಳಿ. ಮೂವತ್ತಮೂರು ವರ್ಷದ ಅನುಭವ ಜಗಲಿಯ ಮೇಲೆ ಒಣಗುವುದಕ್ಕಿಂತ ಅಲ್ಲಿ ಉಪಯೋಗಕ್ಕೆ ಬರಲಿ. ನಾಲ್ಕನೆಯದು, ಅಲ್ಲಿನ ಬದುಕನ್ನು ನಿಧಾನ ಎಂದು ಬರೆಯುವ ಮೊದಲು, ಹುಳ ನಾಲ್ಕನೇ ಜ್ವರದಿಂದ ಎದ್ದ ವಾರ ಯಾರದಾದರೂ ಮನೆಯಲ್ಲಿ ಸೊಪ್ಪು ಕೊಯ್ಯಿರಿ.

ಮೇಷ್ಟ್ರು ಒಳ್ಳೆಯವರು. ಮುಖ ಸ್ವಲ್ಪ ಸಣ್ಣದಾಯಿತು, ಆದರೆ ಜಗಳವಾಡಲಿಲ್ಲ. ಈಚೆಗೆ ಆ ಊರಿನ ಶಾಲೆಯಲ್ಲಿ ಬುಧವಾರ, ಶುಕ್ರವಾರ ಕನ್ನಡ ಹೇಳಿಕೊಡುತ್ತಿದ್ದಾರಂತೆ. ಸಾರಿನ ವಿಷಯ ನಾನು ಕೇಳಿಲ್ಲ.

ಇನ್ನು ನಾನು ಮಾಡಿದ್ದೇನೆಂದರೆ ಬಹಳ ಸಣ್ಣದು. ಮನೆಕೆಲಸದವಳಿಗೆ ಭಾನುವಾರ ರಜೆ ಕೊಟ್ಟೆ, ಸಂಬಳ ಕಡಿಮೆ ಮಾಡಲಿಲ್ಲ. ಭಾನುವಾರ ಪಾತ್ರೆ ನಮ್ಮ ಯಜಮಾನರ ಪಾಲಿಗೆ, ಇಡ್ಲಿ ನನ್ನ ಪಾಲಿಗೆ ಬಂತು. ನನ್ನ ಎರಡು ಗಂಟೆ ಈಗ ಮುಕ್ಕಾಲು ಗಂಟೆಯಾಗಿದೆ. ಮೊದಲು ಎರಡು ಭಾನುವಾರದಲ್ಲಿ ಮುಗಿಯುತ್ತಿದ್ದ ಇಂಥ ಒಂದು ಲೇಖನಕ್ಕೆ ಈ ಸಲ ಸಂಕ್ರಾಂತಿಯಿಂದ ಯುಗಾದಿಯವರೆಗೆ ಹಿಡಿಯಿತು. ನಾನು ಬಯಸಿದ್ದ ನಿಧಾನ ಸಿಕ್ಕಿದೆ ಎನ್ನಬೇಕು. ಅದರ ಖರ್ಚು ಈಗ ನನ್ನ ಲೆಕ್ಕದಲ್ಲಿದೆ.